ಯಾವ ದೇವರಾಜ?

(ಮೈಸೂರಿನ ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೆಯೇ ಬಿಟ್ಟಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೆ.ಆರ್. ಸರ್ಕಲ್ಲಿನಲ್ಲಿ ನಿಂತು ಹೊರಊರಿನವರು ಯಾರಾದರೂ "ದೇವರಾಜ ಎಲ್ಲಿ ಬರುತ್ತೆ?" ಅಂತ ಕೇಳಿದರೆ ನಾವು ತಿರುಗಿ ಅವರನ್ನೇ ಕೇಳುತ್ತೇವೆ: "ಮಾರ್ಕೆಟ್ಟೋ, ಅರಸ್ ರೋಡೋ?" ಎರಡೂ ಕೂಗಳತೆಯಲ್ಲೇ ಇವೆ. ಒಂದರಲ್ಲಿ ಮೈಸೂರು ಮಲ್ಲಿಗೆ, ವೀಳ್ಯದೆಲೆ, ಅರಿಶಿನ ಕುಂಕುಮ. ಇನ್ನೊಂದರಲ್ಲಿ ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ. ಎರಡೂ ಕಡೆ ದಿನಾ ಓಡಾಡುವ ನಮ್ಮಲ್ಲಿ ಎಷ್ಟೋ ಜನ ಎರಡೂ ಒಬ್ಬರದೇ ಹೆಸರು ಅಂದುಕೊಂಡಿದ್ದೇವೆ.

ಮಾರುಕಟ್ಟೆಯ ದೇವರಾಜರು 17ನೆಯ ಶತಮಾನದವರು. ದೊಡ್ಡ ದೇವರಾಜ ಒಡೆಯರು, 1659ರಿಂದ 1673ರವರೆಗೆ ಆಳಿದವರು. ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು ಹಾಕಿಸಿದ್ದು, ದಾರಿಯಲ್ಲಿ ಏಕಶಿಲೆಯ ಆ ಮಹಾನಂದಿಯನ್ನು ಕೆತ್ತಿಸಿದ್ದು ಅವರು. ರಸ್ತೆಯ ದೇವರಾಜರು ನಮ್ಮ ಕಾಲದವರು. ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ಡಿ. ದೇವರಾಜ ಅರಸು, 1915ರಲ್ಲಿ ಹುಟ್ಟಿ 1972ರಲ್ಲಿ ಮುಖ್ಯಮಂತ್ರಿಯಾದವರು. 1973ರ ನವೆಂಬರ್ 1ರಂದು ಈ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರು ಬಂದಾಗ ಅಧಿಕಾರದಲ್ಲಿದ್ದವರು, ಗೇಣಿದಾರರಿಗೆ ಭೂಮಿ ಕೊಡಿಸಿದವರು. ಇವರಿಬ್ಬರ ನಡುವೆ ಇನ್ನೊಬ್ಬ ದೇವರಾಜರೂ ಇದ್ದಾರೆ: 18ನೆಯ ಶತಮಾನದಲ್ಲಿ ರಾಜರನ್ನು ಹೆಸರಿಗೆ ಕೂರಿಸಿ ರಾಜ್ಯವನ್ನು ತಾವೇ ನಡೆಸಿದ ಕಳಲೆ ಮನೆತನದ ದಳವಾಯಿ ದೇವರಾಜಯ್ಯ. ಅವರ ಹೆಸರಿನ ಮಾರುಕಟ್ಟೆಯೂ ಇಲ್ಲ, ರಸ್ತೆಯೂ ಇಲ್ಲ. ಇರಬೇಕಿತ್ತು ಅಂತ ನಾನೇನೂ ವಾದಿಸುವುದಿಲ್ಲ.

ಮೂವರಿಗೂ ಒಂದೇ ಹೆಸರು ಬಂದದ್ದು ಆಕಸ್ಮಿಕ ಅಂತ ನನಗನ್ನಿಸುವುದಿಲ್ಲ. ಅರಮನೆ, ಕಳಲೆ, ಅರಸು ಮನೆತನಗಳ ನಡುವೆ ಹೆಣ್ಣು ಕೊಟ್ಟು ತರುವ ನಂಟು ತಲೆತಲಾಂತರದ್ದು. ಹೆಸರುಗಳೂ ಆ ನಂಟಿನ ಜೊತೆಯಲ್ಲೇ ಓಡಾಡಿವೆ. ಇವತ್ತು ನಾನು ಹೇಳಬೇಕೆಂದು ಬಂದದ್ದೂ ಇದನ್ನೇ. ನಮ್ಮ ಸೀಮೆಯಲ್ಲಿ ಹೆಸರು ಯಾರೊಬ್ಬರ ಸ್ವಂತದ್ದೂ ಅಲ್ಲ. ಅದು ಮನೆತನದ್ದು, ಮನೆದೇವರದ್ದು, ತೀರಿಹೋದ ಹಿರಿಯರದ್ದು. ಮನುಷ್ಯನನ್ನು ಇನ್ನೊಬ್ಬನಿಂದ ಬೇರೆ ಮಾಡಿ ತೋರಿಸುವುದು ಆ ಹೆಸರಿನ ಹಿಂದೋ ಮುಂದೋ ಅಂಟಿಕೊಂಡ ಒಂದು ಸಣ್ಣ ಮಾತು. ಅದು ಕಳಚಿಬಿದ್ದರೆ ಚರಿತ್ರೆ ಕಲಸಿಹೋಗುತ್ತದೆ.

ಅರಮನೆಯಿಂದಲೇ ನೋಡೋಣ. ಮೈಸೂರು ಒಡೆಯರ ಪಟ್ಟಿಯಲ್ಲಿ ಚಾಮರಾಜ ಅನ್ನುವ ಹೆಸರು ಹತ್ತು ಸಲ ಬರುತ್ತದೆ. ಶಾಲೆಯಲ್ಲಿ ಮೇಷ್ಟ್ರು ಈ ಪಟ್ಟಿಯನ್ನು ಉರುಹೊಡೆಸುವಾಗ ಮಕ್ಕಳು ಒದ್ದಾಡುವುದು ಇಲ್ಲೇ. ಆದರೆ ಆ ಕಾಲದ ಜನ ಒದ್ದಾಡಲಿಲ್ಲ. ಅವರು ಒಂದನೆಯ, ಎರಡನೆಯ ಅಂತ ಎಣಿಸುತ್ತಾ ಕೂರಲಿಲ್ಲ. ಹಿರಿಯ ಬೆಟ್ಟದ ಚಾಮರಾಜ ಅಂದರು, ಬೋಳ ಚಾಮರಾಜ ಅಂದರು, ಖಾಸಾ ಚಾಮರಾಜ ಅಂದರು. ಬೋಳ ಚಾಮರಾಜರು 1572ರಿಂದ ನಾಲ್ಕು ವರ್ಷ ಆಳಿದವರು. ಚಾಮುಂಡಿ ಬೆಟ್ಟಕ್ಕೆ ಹೋದಾಗ ಸಿಡಿಲು ಬಡಿದು, ದೇವಿಯ ದಯೆಯಿಂದ ಜೀವ ಉಳಿದು, ತಲೆಗೂದಲು ಮಾತ್ರ ಹೋಯಿತು ಅನ್ನುವುದು ಕತೆ. ಕತೆ ನಿಜವೋ ಸುಳ್ಳೋ, ಒಬ್ಬ ದೊರೆಯನ್ನು ಪ್ರಜೆಗಳು ಬೋಳ ಅಂತ ಕರೆದು, ಅದು ವಂಶಾವಳಿಯೊಳಗೂ ಸೇರಿ ನಿಂತುಬಿಟ್ಟಿತಲ್ಲ, ಅದು ನನಗೆ ಬಹಳ ಇಷ್ಟ. ಇಮ್ಮಡಿ ಕಂಠೀರವ ನರಸರಾಜ ಒಡೆಯರಿಗೆ ಮಾತು ಬರುತ್ತಿರಲಿಲ್ಲ, ಕಿವಿ ಕೇಳುತ್ತಿರಲಿಲ್ಲ. ಅವರು ಮೂಕರಸು. ಅದೇ ಹೆಸರಿನ ಹಿಂದಿನವರು, ಕಂಠೀರಾಯಿ ಹಣ ಟಂಕಿಸಿದವರು, ರಣಧೀರ. ಹೆಸರು ಒಂದೇ ಇದ್ದರೂ ಜನ ಇಬ್ಬರಿಗೂ ಗುರುತು ಹಚ್ಚಿದ್ದಾರೆ, ಒಬ್ಬರಿಗೆ ಕತ್ತಿಯಿಂದ, ಒಬ್ಬರಿಗೆ ಮೌನದಿಂದ.

ಆಮೇಲೆ ಬಂದದ್ದು ಇಮ್ಮಡಿ, ಮುಮ್ಮಡಿ, ನಾಲ್ವಡಿಯ ಲೆಕ್ಕ. ಖಾಸಾ ಚಾಮರಾಜರಿಂದ ಈಚೆಗೆ ಒಂದು ಕ್ರಮ ನೋಡಿ: ಚಾಮರಾಜ, ಅವರ ಮಗ ಮುಮ್ಮಡಿ ಕೃಷ್ಣರಾಜ, ಅವರ ದತ್ತುಪುತ್ರ ಚಾಮರಾಜೇಂದ್ರ, ಅವರ ಮಗ ನಾಲ್ವಡಿ ಕೃಷ್ಣರಾಜ, ಅವರ ನಂತರ ತಮ್ಮನ ಮಗ ಜಯಚಾಮರಾಜ. ಒಂದು ಬಿಟ್ಟು ಒಂದು. ಇದು ರಾಜಶಾಸ್ತ್ರದಲ್ಲಿ ಬರೆದ ನಿಯಮವೇನಲ್ಲ, ನಮ್ಮ ಹಳ್ಳಿಗಳಲ್ಲಿ ಮೊಮ್ಮಗನಿಗೆ ತಾತನ ಹೆಸರಿಡುವ ಪದ್ಧತಿಯೇ. 2015ರಲ್ಲಿ ಪಟ್ಟಕ್ಕೆ ಬಂದ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ ಹೆಸರಿನಲ್ಲಿ ಎರಡೂ ಒಟ್ಟಿಗೆ ಕೂತಿವೆ, ಜೊತೆಗೆ ಮೂಲಪುರುಷ ಯದುರಾಯನೂ ಇದ್ದಾನೆ.

ಇದರಿಂದಾದ ಗೊಂದಲಗಳು ಕಡಿಮೆಯಲ್ಲ. ಮೃಗಾಲಯದ ಚಾಮರಾಜೇಂದ್ರರ ಹೆಸರನ್ನೇ ಚಾಮರಾಜನಗರಕ್ಕೂ ಇಟ್ಟಿದ್ದಾರೆ ಅಂತ ಧೈರ್ಯವಾಗಿ ಹೇಳುವವರಿದ್ದಾರೆ. ಅರಿಕುಠಾರ ಅಂತಿದ್ದ ಊರಿಗೆ 1818ರಲ್ಲಿ ಮುಮ್ಮಡಿಯವರು ಇಟ್ಟದ್ದು ತಮ್ಮ ತಂದೆ ಖಾಸಾ ಚಾಮರಾಜರ ಹೆಸರು, ಅವರು ಹುಟ್ಟಿದ ಊರು ಅಂತ. ಮೃಗಾಲಯ 1892ರದ್ದು, ಮೊಮ್ಮಗನ ಕಾಲದ್ದು. ನರಸಿಂಹರಾಜ ಕ್ಷೇತ್ರದ ನರಸಿಂಹರಾಜರು ದೊರೆಯೇ ಆಗಲಿಲ್ಲ. ನಾಲ್ವಡಿಯವರ ತಮ್ಮ, ಯುವರಾಜರಾಗಿಯೇ 1940ರ ಮಾರ್ಚಿನಲ್ಲಿ ತೀರಿಕೊಂಡವರು. ಅಣ್ಣ ಹೋದದ್ದು ಅದೇ ವರ್ಷ ಆಗಸ್ಟಿನಲ್ಲಿ. ಇನ್ನು ಕೃಷ್ಣರಾಜ ಅನ್ನುವ ಹೆಸರಂತೂ ಕೆ.ಆರ್. ಅನ್ನುವ ಎರಡು ಅಕ್ಷರಕ್ಕೆ ಇಳಿದುಬಿಟ್ಟಿದೆ. ಕೆ.ಆರ್. ಸರ್ಕಲ್, ಕೆ.ಆರ್. ಆಸ್ಪತ್ರೆ, ಕೆ.ಆರ್. ಮೊಹಲ್ಲಾ, ಕೆ.ಆರ್.ಎಸ್., ಎಡತೊರೆ ಅಂತಿದ್ದ ಕೆ.ಆರ್. ನಗರ, ಅತ್ತಿಕುಪ್ಪೆ ಅಂತಿದ್ದ ಕೆ.ಆರ್. ಪೇಟೆ. ಎಷ್ಟನೆಯ ಕೃಷ್ಣರಾಜ ಅಂತ ಆ ಎರಡು ಅಕ್ಷರ ಹೇಳುವುದಿಲ್ಲ. ಮುಮ್ಮಡಿ, ನಾಲ್ವಡಿ ಅನ್ನುವ ಮಾತನ್ನು ನಾವೇ ಕತ್ತರಿಸಿ ಎಸೆದೆವು.

18ನೆಯ ಶತಮಾನದಲ್ಲಿ ಇನ್ನೂ ಗೋಜಲು. ಸರ್ವಾಧಿಕಾರಿ ನಂಜರಾಜಯ್ಯ ತೀರಿಹೋದಾಗ ಅದೇ ಹುದ್ದೆಗೆ ಬಂದವರು ಇನ್ನೊಬ್ಬ ನಂಜರಾಜಯ್ಯ, ದಳವಾಯಿ ದೇವರಾಜಯ್ಯನವರ ಒಡಹುಟ್ಟಿದ ತಮ್ಮ. ಅವರನ್ನು ಕರಾಚೂರಿ ನಂಜರಾಜಯ್ಯ ಅಂದರು. ಅವರ ಪ್ರಾಬಲ್ಯ ಹೋಗಿ ಹೈದರಾಲಿಯ ಕೈ ಮೇಲಾದ ಮೇಲೆ 1766ರಲ್ಲಿ ಸಿಂಹಾಸನದ ಮೇಲೆ ಕೂತ ದೊರೆಯ ಹೆಸರೂ ನಂಜರಾಜ. ಆ ಕಾಲದ ಒಂದು ಕಾಗದ ಸಿಕ್ಕಿ ಅದರಲ್ಲಿ ಬರೀ ನಂಜರಾಜ ಅಂತಿದ್ದರೆ, ಓದುವವರು ಮೊದಲು ತೇದಿ ನೋಡಬೇಕು, ಆಮೇಲೆ ಬಿರುದು ನೋಡಬೇಕು. ನಂಜನಗೂಡು ಅಷ್ಟು ಹತ್ತಿರ ಇರುವಾಗ ಬೇರೆ ಹೆಸರು ಎಲ್ಲಿಂದ ಬರಬೇಕು!

ಟಿಪ್ಪುವಿನ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ. ಟಿಪ್ಪು ಅನ್ನುವುದು ಆರ್ಕಾಟಿನ ಸೂಫಿ ಸಂತ ಟಿಪ್ಪು ಮಸ್ತಾನ್ ಔಲಿಯಾ ಅವರಿಂದ ಬಂದ ಹೆಸರು. ಫತೇ ಅಲಿ ಅನ್ನುವ ಇನ್ನೊಂದು ಹೆಸರಿನಲ್ಲಿ ತಾತ ಫತೇ ಮುಹಮ್ಮದ್ ಇದ್ದಾರೆ. ಹರಕೆಯ ಸಂತ ಒಬ್ಬರು, ತಾತ ಒಬ್ಬರು. ಮಂಡ್ಯದ ಯಾವ ಒಕ್ಕಲಿಗರ ಮನೆಯಲ್ಲಾದರೂ ಹೆಸರಿಡುವುದು ಹೀಗೆಯೇ.

ಈಗ ಹಳ್ಳಿಗೆ ಹೋಗೋಣ. ಮಂಡ್ಯ, ಮೈಸೂರು ಕಡೆಯ ಯಾವುದೇ ಊರಿನ ಮತದಾರರ ಪಟ್ಟಿ ತೆಗೆದು ನೋಡಿ. ಮಲೆ ಮಹದೇಶ್ವರನಿಗೆ ಒಕ್ಕಲಾದವರಲ್ಲಿ ಮಾದೇಗೌಡ, ಮಾದಯ್ಯ, ಮಾದೇಶ, ಮಾದಮ್ಮ. ಮಂಟೇಸ್ವಾಮಿ, ಸಿದ್ದಪ್ಪಾಜಿ, ರಾಚಪ್ಪಾಜಿಗೆ ನಡೆದುಕೊಳ್ಳುವವರಲ್ಲಿ ಸಿದ್ದೇಗೌಡ, ಸಿದ್ದಯ್ಯ, ಸಿದ್ದರಾಜು, ರಾಚಯ್ಯ. ನಂಜುಂಡನಿಂದ ನಂಜೇಗೌಡ, ನಂಜಮ್ಮ. ಬೋರೇದೇವರಿಂದ ಬೋರೇಗೌಡ. ದೇವರು ಒಂದೇ, ಹೆಸರಿನ ಬುಡವೂ ಒಂದೇ. ಬಾಲ ಮಾತ್ರ ಬೇರೆ. ಆ ಬಾಲ ಹೇಳುವುದು ಜಾತಿಯನ್ನು, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮಾದ ಅನ್ನುವ ಒಂದೇ ಹೆಸರು ಒಂದು ಬೀದಿಯಲ್ಲಿ ಮಾದೇಗೌಡ, ಇನ್ನೊಂದರಲ್ಲಿ ಮಾದಶೆಟ್ಟಿ, ಮತ್ತೊಂದರಲ್ಲಿ ಮಾದನಾಯಕ, ಊರಾಚೆ ಕೇರಿಯಲ್ಲಿ ಬಾಲವೇ ಇಲ್ಲದ ಮಾದ. ಆ ಕೇರಿಯವರು ಹೋರಾಡಿ ಪಡೆದದ್ದರಲ್ಲಿ ಹೆಸರಿನ ಕೊನೆಯ ಒಂದು ಅಯ್ಯ ಕೂಡ ಸೇರಿದೆ. ಅಡ್ಡಹೆಸರುಗಳ ಬಗ್ಗೆ ನಾನು ಪ್ರೀತಿಯಿಂದ ಮಾತಾಡುತ್ತಿದ್ದೇನೆ, ನಿಜ. ಆದರೆ ಕುಂಟ, ಕರಿಯ ಅಂತ ಕರೆಸಿಕೊಂಡವರಿಗೆ ಅದು ಅಷ್ಟು ಸೊಗಸಾಗಿ ಕೇಳಿಸಿರಲಾರದು. ದೊರೆಗೆ ಬೋಳ ಅಂದರೆ ಕತೆ, ಆಳಿಗೆ ಅಂದರೆ ಬೈಗುಳ.

ತಾತನ ಹೆಸರು ಇಡುವುದರಲ್ಲಿ ಒಂದು ಫಜೀತಿ ಇದೆ. ಹಿಂದೆ ಸೊಸೆ ಮಾವನ ಹೆಸರನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಮಗನಿಗೇ ಮಾವನ ಹೆಸರಿಟ್ಟರೆ ಅವಳು ಮಗುವನ್ನು ಏನೆಂದು ಕರೆಯಬೇಕು? ಅದಕ್ಕೇ ಅಪ್ಪಾಜಿ, ಅಪ್ಪಯ್ಯ, ಪುಟ್ಟಸ್ವಾಮಿ, ಅಣ್ಣಯ್ಯ. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಕೇಳಿದರೆ ಅವಳು ಹೇಳಿದ್ದು ಪುಟ್ಟಸ್ವಾಮಿ, ಪಹಣಿಯಲ್ಲಿ ಇದ್ದದ್ದು ಕಾಳೇಗೌಡ. ಅಲ್ಲಿಗೆ ಒಬ್ಬ ಮನುಷ್ಯ ಇಬ್ಬರಾದ. ಪುಟ್ಟಸ್ವಾಮಿ ಉರುಫ್ ಕಾಳೇಗೌಡ ಅಂತ ಪತ್ರ ಬರೆಸಬೇಕು, ಈ ಎರಡೂ ಹೆಸರಿನ ವ್ಯಕ್ತಿ ನಾನೊಬ್ಬನೇ ಅಂತ ಛಾಪಾ ಕಾಗದದ ಮೇಲೆ ಪ್ರಮಾಣ ಮಾಡಬೇಕು. ಇಬ್ಬರಿಗೆ ಒಂದು ಹೆಸರಿದ್ದರೆ ಜನ ಸುಧಾರಿಸಿಕೊಳ್ಳುತ್ತಾರೆ. ಒಬ್ಬನಿಗೆ ಎರಡು ಹೆಸರಿದ್ದರೆ ಕಚೇರಿ ಬಿಡುವುದಿಲ್ಲ.

ಕಂದಾಯದ ಕಾಗದಗಳಲ್ಲಿ ಇದಕ್ಕೊಂದು ಹಳೆಯ ದಾರಿ ಇದೆ: ಬಿನ್ ಮತ್ತು ಕೋಂ. ಮಾದೇಗೌಡ ಬಿನ್ ಕಾಳೇಗೌಡ. ನಂಜಮ್ಮ ಕೋಂ ಸಿದ್ದೇಗೌಡ. ಗಂಡಸಿಗೆ ಅಪ್ಪ, ಹೆಂಗಸಿಗೆ ಗಂಡ. ಆದರೆ ತಾತನ ಹೆಸರೇ ತಿರುಗಿ ಬರುವ ಊರಿನಲ್ಲಿ ಇದೂ ಸಾಲದು. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಿಬ್ಬರಿಗೂ ಒಬ್ಬನೇ ತಾತನ ಹೆಸರು. ಎರಡು ತಲೆಮಾರಿನಲ್ಲಿ ಮಾದೇಗೌಡ ಬಿನ್ ಕಾಳೇಗೌಡ ಇಬ್ಬರೋ ಮೂವರೋ ಆಗುತ್ತಾರೆ. ಸರ್ವೆ ನಂಬರು ಅಕ್ಕಪಕ್ಕವಿದ್ದರೆ ಮುಗಿಯಿತು, ವಕೀಲರಿಗೆ ಹಬ್ಬ.

ಊರಿನವರಿಗೆ ಮಾತ್ರ ಯಾವ ತೊಂದರೆಯೂ ಇಲ್ಲ. "ಯಾವ್ ಮಾದೇಗೌಡ್ನಪ್ಪಾ?" "ಅದೇ ಕಣ್ಲಾ, ಆಲೆಮನೆ ಮಾದೇಗೌಡ." ಇಲ್ಲವೇ ಮಿಲಿಟ್ರಿ ಮಾದೇಗೌಡ, ಟೈಲರ್ ಮಾದೇಗೌಡ, ಮೇಲ್ಗಡೆ ಮನೆ ಮಾದೇಗೌಡ. ಎಂದೋ ಒಂದು ವರ್ಷ ಸೈನ್ಯದಲ್ಲಿದ್ದು ಬಂದವನು ಸಾಯುವವರೆಗೂ ಮಿಲಿಟ್ರಿ. ಆಲೆಮನೆ ಮುಚ್ಚಿ ಮೂವತ್ತು ವರ್ಷವಾದರೂ ಅವನ ಮೊಮ್ಮಗ ಆಲೆಮನೆಯವನೇ.

ಕಸುಬನ್ನು ಹೆಸರಿನ ಮುಂದಿಡುವ ಈ ಪದ್ಧತಿ ಬಹಳ ಹಿಂದಿನದು. 12ನೆಯ ಶತಮಾನದ ವಚನಕಾರರನ್ನು ನೋಡಿ. ಅಲ್ಲಿ ಇಬ್ಬರು ಚೌಡಯ್ಯರು: ದೋಣಿ ನಡೆಸುತ್ತಿದ್ದ ಅಂಬಿಗರ ಚೌಡಯ್ಯ, ವೇಷ ಕಟ್ಟುತ್ತಿದ್ದ ಬಹುರೂಪಿ ಚೌಡಯ್ಯ. ಮಾರಯ್ಯರಂತೂ ಇನ್ನೂ ಹೆಚ್ಚು. ಬಿದ್ದ ಅಕ್ಕಿ ಆಯ್ದವರು ಆಯ್ದಕ್ಕಿ ಮಾರಯ್ಯ, ಸೌದೆ ಹೊರೆ ಮಾರಿದವರು ಮೋಳಿಗೆ ಮಾರಯ್ಯ, ಜನರನ್ನು ನಗಿಸುತ್ತಿದ್ದವರು ನಗೆಯ ಮಾರಿತಂದೆ. ಕಸುಬು ಹೇಳಿಕೊಳ್ಳುವುದಕ್ಕೆ ಅವರಿಗೆ ನಾಚಿಕೆ ಇರಲಿಲ್ಲ ಅನ್ನುವುದು ದೊಡ್ಡ ಮಾತು, ಅದನ್ನು ಎಲ್ಲರೂ ಹೇಳುತ್ತಾರೆ. ನಾನು ಹೇಳುವುದು ಸಣ್ಣ ಮಾತು: ಕಸುಬು ಹೇಳದಿದ್ದರೆ ಯಾವ ಮಾರಯ್ಯ ಅಂತ ಗೊತ್ತೇ ಆಗುತ್ತಿರಲಿಲ್ಲ.

ಆಮೇಲೆ ಏಳುನೂರು ವರ್ಷ ದಾಟಿ ನಮ್ಮ ತಿರುಮಕೂಡಲಿನಲ್ಲಿ 1895ರಲ್ಲಿ ಇನ್ನೊಬ್ಬ ಚೌಡಯ್ಯ ಹುಟ್ಟಿದರು. ಏಳು ತಂತಿಯ ಪಿಟೀಲು ನುಡಿಸಿ ಹೆಸರಾದವರು. ಟಿ. ಚೌಡಯ್ಯ ಅಂತ ಕರಪತ್ರದಲ್ಲಿ ಅಚ್ಚಾಗುತ್ತಿತ್ತು. ಮೈಸೂರಿನ ಜನರ ಬಾಯಲ್ಲಿ ಅವರು ಪಿಟೀಲು ಚೌಡಯ್ಯ. ಅಂಬಿಗರ, ಬಹುರೂಪಿ, ಪಿಟೀಲು. ಈ ಮೂರನ್ನೂ ಒಂದೇ ಸಾಲಿನಲ್ಲಿ ಇಟ್ಟು ನೋಡಿ, ನಡುವೆ ಏಳು ಶತಮಾನ ಕಳೆದಿದೆ ಅಂತ ಅನ್ನಿಸುತ್ತದೆಯೇ? ವೀಣೆ ಶೇಷಣ್ಣ, ವೀಣೆ ಸುಬ್ಬಣ್ಣ ಕೂಡ ಇದೇ ಸಾಲಿನವರು.

ಕಸುಬು ಇಲ್ಲದ ಕಡೆ ಇಂಗ್ಲಿಷ್ ಕಾಲದಲ್ಲಿ ಇನಿಶಿಯಲ್ಲು ಬಂತು. ಅದನ್ನು ಹೆಚ್ಚು ದುಡಿಸಿಕೊಂಡವರು ಸಾಹಿತಿಗಳು. ನರಸಿಂಹ ಅನ್ನುವ ದೇವರನ್ನು ಬೆಟ್ಟದ ಮೇಲೆ ಕೂರಿಸಿಕೊಂಡ ಮೇಲುಕೋಟೆಯ ಸುತ್ತ ಎಷ್ಟು ನರಸಿಂಹಾಚಾರ್‌ಗಳು! ಪುರೋಹಿತ ತಿರುನಾರಾಯಣ ಅಯ್ಯಂಗಾರ್ ನರಸಿಂಹಾಚಾರ್ ಮೇಲುಕೋಟೆಯವರೇ. ಅವರು ಪುತಿನ ಆದರು. ಹಸ್ತಪ್ರತಿಗಳ ವಿದ್ವಾಂಸರಾದ ನರಸಿಂಹಾಚಾರ್ ಡಿ.ಎಲ್.ಎನ್. ಆದರು. ಕಿಕ್ಕೇರಿ ಸುಬ್ಬರಾಯರ ಮಗ ನರಸಿಂಹಸ್ವಾಮಿ ಕೆ.ಎಸ್.ನ. ಆದರು. ಕೊನೆಗೆ ಗುರುತಿನ ಮಾತೇ ಹೆಸರಾಗಿ, ಹೆಸರು ಬರೀ ಒಂದು ನ ಆಗಿ ಉಳಿಯಿತು.

ಇದರಲ್ಲಿ ನನಗೆ ಬಹಳ ಸೊಗಸಾಗಿ ಕಾಣುವ ಪ್ರಸಂಗ 1907ರದ್ದು. ಆ ವರ್ಷ ಕರ್ನಾಟಕ ಕವಿಚರಿತೆಯ ಮೊದಲ ಸಂಪುಟ ಬಂತು. ಕನ್ನಡದ ಕವಿಗಳು ಯಾರು, ಯಾವ ಕಾಲದವರು, ಏನು ಬರೆದರು ಅಂತ ಮೊದಲ ಬಾರಿಗೆ ಕ್ರಮವಾಗಿ ಹೇಳಿದ ಗ್ರಂಥ. ಆ ಕೆಲಸದ ದೊಡ್ಡ ತಲೆನೋವೇ ಒಂದೇ ಹೆಸರಿನ ಕವಿಗಳನ್ನು ಬಿಡಿಸುವುದು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ 978ರಲ್ಲಿ ಪುರಾಣ ಬರೆದವನು. ಸುಮಾರು 1025ರಲ್ಲಿ ಲೋಕೋಪಕಾರ ಬರೆದು ಬೇಸಾಯ, ಅಂತರ್ಜಲ, ಅಡುಗೆಯ ವಿಷಯ ಹೇಳಿದ ಚಾವುಂಡರಾಯ ಬೇರೆ. ಛಂದಸ್ಸಿನ ಗ್ರಂಥ ಬರೆದ ನಾಗವರ್ಮ ಒಬ್ಬ, ವ್ಯಾಕರಣ ಬರೆದ ನಾಗವರ್ಮ ಇನ್ನೊಬ್ಬ. ಗುಣವರ್ಮರೂ ಇಬ್ಬರು. ಇವರನ್ನು ಬೇರೆ ಮಾಡಲು ಇದ್ದ ಆಧಾರ ಏನು? ಗುರುವಿನ ಹೆಸರು, ಆಶ್ರಯ ಕೊಟ್ಟ ರಾಜ, ಬಿರುದು, ತಂದೆ, ಸ್ತುತಿಸಿದ ಹಿಂದಿನ ಕವಿಗಳು. ಯಾವ ಮಾದೇಗೌಡ ಅಂತ ಕೇಳುವ ಅದೇ ಪ್ರಶ್ನೆ, ಓಲೆಗರಿಯ ಮೇಲೆ. ಈ ಸಂಪುಟವನ್ನು ಸಿದ್ಧಪಡಿಸಿದವರು ಇಬ್ಬರು. ಒಬ್ಬರು ಆರ್. ನರಸಿಂಹಾಚಾರ್. ಇನ್ನೊಬ್ಬರು ಎಸ್.ಜಿ. ನರಸಿಂಹಾಚಾರ್.

(ಸಭೆಯಲ್ಲಿ ಇಲ್ಲಿ ನಗು. ನಿಜ, ನಾನು ಕಟ್ಟಿದ್ದಲ್ಲ.)

ಮೇಲುಕೋಟೆಯ ಮಾತು ಬಂತಲ್ಲ, ಅಲ್ಲೇ ಸ್ವಲ್ಪ ಹೊತ್ತು ನಿಲ್ಲುತ್ತೇನೆ. 12ನೆಯ ಶತಮಾನದ ಹೊಯ್ಸಳ ದೊರೆ ಬಿಟ್ಟಿದೇವ. ತಮಿಳುನಾಡಿನಿಂದ ಬಂದ ರಾಮಾನುಜಾಚಾರ್ಯರ ಪ್ರಭಾವದಿಂದ ಅವನು ವೈಷ್ಣವನಾಗಿ ವಿಷ್ಣುವರ್ಧನ ಅನ್ನುವ ಹೆಸರು ಪಡೆದ ಅಂತ ಪರಂಪರೆ ಹೇಳುತ್ತದೆ. ಪಾಂಡವಪುರ ತಾಲ್ಲೂಕಿನ ತೊಣ್ಣೂರು, ಮೇಲುಕೋಟೆ ಎರಡೂ ಈ ಕತೆಯ ಊರುಗಳು. ಮತಾಂತರದ ಕತೆಯನ್ನು ನಾನು ಅಕ್ಷರಶಃ ನಂಬುವವನಲ್ಲ. ರಾಣಿ ಶಾಂತಲೆ ಜೈನಳಾಗಿಯೇ ಉಳಿದಳು, ಬಸದಿಗಳಿಗೆ ದತ್ತಿ ಮುಂದುವರಿಯಿತು. ಚೋಳರಿಂದ ತಲಕಾಡನ್ನು ಗೆದ್ದವನು ಅನ್ನುವುದಂತೂ ನಿಜ, ತಲಕಾಡುಗೊಂಡ ಅನ್ನುವ ಬಿರುದೇ ಸಾಕ್ಷಿ. ಆದರೆ ಆ ಹೆಸರನ್ನು ಹೊತ್ತವರಲ್ಲಿ ಅವನೇ ಮೊದಲಿಗನಲ್ಲ. ಅವನಿಗಿಂತ ಸುಮಾರು ಐನೂರು ವರ್ಷ ಮುಂಚೆ ಇಮ್ಮಡಿ ಪುಲಕೇಶಿಯ ತಮ್ಮ ವೆಂಗಿಯಲ್ಲಿ ಪೂರ್ವ ಚಾಲುಕ್ಯ ವಂಶ ಶುರು ಮಾಡಿದ. ಅವನ ಹೆಸರೂ ವಿಷ್ಣುವರ್ಧನ. ಬೆನ್ನು ಗೂನು ಅಂತಲೋ ಏನೋ, ಚರಿತ್ರೆ ಅವನನ್ನು ಕುಬ್ಜ ವಿಷ್ಣುವರ್ಧನ ಅಂತಲೇ ನೆನಪಿಟ್ಟಿದೆ. ನಮ್ಮ ಬೋಳ ಚಾಮರಾಜರಿಗೆ ಅಲ್ಲೊಬ್ಬ ಜೊತೆಗಾರ.

ಇನ್ನು ನೀವೆಲ್ಲ ಕಾಯುತ್ತಿರುವ ವಿಷ್ಣುವರ್ಧನ್. 1950ರಲ್ಲಿ ಮೈಸೂರಿನಲ್ಲಿ ಹುಟ್ಟಿದರು. ಮನೆಯವರು ಇಟ್ಟ ಹೆಸರು ಸಂಪತ್ ಕುಮಾರ್. 1972ರ ನಾಗರಹಾವು ಚಿತ್ರದಲ್ಲಿ ನಾಯಕನಾದಾಗ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅವರು ವಿಷ್ಣುವರ್ಧನ್ ಅಂತ ಹೆಸರು ಬದಲಿಸಿದರು. ಹೊಯ್ಸಳ ದೊರೆಯ ಹೆಸರು ಸಿನಿಮಾ ನಟನಿಗೆ ಬಂತು ಅಂತ ಎಲ್ಲರಿಗೂ ಗೊತ್ತು. ಆದರೆ ಹಳೆಯ ಹೆಸರಿನ ಕಡೆ ಯಾರೂ ನೋಡುವುದಿಲ್ಲ. ಸಂಪತ್ಕುಮಾರ ಯಾರು? ಮೇಲುಕೋಟೆಯ ಉತ್ಸವಮೂರ್ತಿ. ಚೆಲುವಪಿಳ್ಳೆ, ರಾಮಪ್ರಿಯ ಅಂತಲೂ ಕರೆಯುವ, ವೈರಮುಡಿಯ ರಾತ್ರಿ ಕಿರೀಟ ತೊಟ್ಟು ಬರುವ ಚೆಲುವರಾಯನ ಹೆಸರೇ ಸಂಪತ್ಕುಮಾರ. ಮೈಸೂರಿನ ಹುಡುಗ ಮೇಲುಕೋಟೆಯ ದೇವರ ಹೆಸರನ್ನು ಬಿಟ್ಟು, ಆ ದೇವರ ಕತೆಯಲ್ಲೇ ಬರುವ ದೊರೆಯ ಹೆಸರನ್ನು ತೊಟ್ಟರು. ಪುಟ್ಟಣ್ಣನವರು ಇದನ್ನು ಯೋಚಿಸಿ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಬಿಟ್ಟಿದೇವನೂ ಹೆಸರು ಬದಲಿಸಿಕೊಂಡೇ ವಿಷ್ಣುವರ್ಧನನಾದ, ಇವರೂ ಹಾಗೆಯೇ ಆದರು ಅನ್ನುವುದನ್ನು ಮಾತ್ರ ತೋರಿಸುತ್ತಿದ್ದೇನೆ. ಮೈಸೂರಿನ ಹೊರವಲಯದಲ್ಲಿ 2023ರಲ್ಲಿ ಅವರ ಸ್ಮಾರಕ ತೆರೆಯಿತು. ಈಗ ಇಲ್ಲಿಯ ಶಾಲೆಯ ಹುಡುಗನಿಗೆ ವಿಷ್ಣುವರ್ಧನ ಯಾರು ಅಂತ ಕೇಳಿದರೆ ಬೇಲೂರು ಹೇಳುತ್ತಾನೋ ಸಿನಿಮಾ ಹೇಳುತ್ತಾನೋ, ಹೇಳುವುದು ಕಷ್ಟ. ಕೊನೆಯ ಒಂದು ಅರ್ಧಾಕ್ಷರ ಇಬ್ಬರನ್ನೂ ಬೇರೆ ಮಾಡುತ್ತಿದೆ.

ಅದೇ ಚಿತ್ರದಲ್ಲಿ ತೆರೆಗೆ ಬಂದ ಇನ್ನೊಬ್ಬರು ಮದ್ದೂರು ತಾಲ್ಲೂಕು ದೊಡ್ಡರಸಿನಕೆರೆಯ ಅಮರನಾಥ್. ಅವರು ಅಂಬರೀಷ್ ಆದರು. ಅಂಬರೀಷ ಪುರಾಣದ ದೊರೆ, ದ್ವಾದಶಿಯ ಪಾರಣೆಯ ವಿಷಯದಲ್ಲಿ ದೂರ್ವಾಸರ ಕೋಪಕ್ಕೆ ಸಿಕ್ಕಿದ ವಿಷ್ಣುಭಕ್ತ. ನಮ್ಮ ಅಂಬರೀಷ್ ಅವರಿಗೂ ಆ ಉಪವಾಸದ ಅಂಬರೀಷನಿಗೂ ಇರುವ ದೂರ ನಿಮಗೇ ಗೊತ್ತು. ಹೆಸರು ಒಂದಾದರೆ ಗುಣವೂ ಬರುತ್ತದೆ ಅನ್ನುವವರಿಗೆ ಇದೊಂದೇ ಉತ್ತರ ಸಾಕು.

ಅಂಬರೀಷ್ ಅಂದ ಮೇಲೆ ಮಂಡ್ಯದ ಚುನಾವಣೆಗೆ ಬರಲೇಬೇಕು. ಮಂಡ್ಯ ಲೋಕಸಭಾ ಕ್ಷೇತ್ರಕ್ಕೆ ಒಂದೇ ಹೆಸರು ಹೊಸದಲ್ಲ. ಸೋಮನಹಳ್ಳಿಯ ಎಸ್.ಎಂ. ಕೃಷ್ಣ 1971ರಲ್ಲೂ 1980ರಲ್ಲೂ ಇಲ್ಲಿಂದ ಗೆದ್ದರು. 1996ರಲ್ಲಿ ಗೆದ್ದವರೂ ಕೃಷ್ಣ, ಆದರೆ ಕೆ.ಆರ್. ಪೇಟೆ ಕೃಷ್ಣ, ಮುಂದೆ ವಿಧಾನಸಭೆಯ ಸ್ಪೀಕರ್ ಆದವರು. ಒಬ್ಬರಿಗೆ ಇನಿಶಿಯಲ್ಲು, ಒಬ್ಬರಿಗೆ ಊರು. ಒಬ್ಬರು ಟೆನಿಸ್ ಆಡುತ್ತಿದ್ದ ಸೂಟುಬೂಟಿನ ಕೃಷ್ಣ, ಇನ್ನೊಬ್ಬರು ಸರಳತೆಗೆ ಹೆಸರಾದ ಕೃಷ್ಣ. ಮಂಡ್ಯದ ಜನ ಒಂದು ದಿನವೂ ಇವರನ್ನು ಅದಲು ಬದಲು ಮಾಡಲಿಲ್ಲ.

2019ರದ್ದು ಬೇರೆ ತರಹ. ಸುಮಲತಾ ಅಂಬರೀಷ್ ಪಕ್ಷೇತರರಾಗಿ ನಿಂತರು. ಅದೇ ಚುನಾವಣೆಯಲ್ಲಿ ಇನ್ನೂ ಮೂವರು ಸುಮಲತಾ ಪಕ್ಷೇತರರಾಗಿ ಕಣದಲ್ಲಿದ್ದರು. ಇದರ ತಾಕತ್ತು ಎಲ್ಲಿದೆ ಅಂತ ಅರ್ಥವಾಗಬೇಕಾದರೆ ಮತಯಂತ್ರದಲ್ಲಿ ಹೆಸರು ಜೋಡಿಸುವ ಕ್ರಮ ಗೊತ್ತಿರಬೇಕು. ಮೊದಲು ಮಾನ್ಯತೆ ಪಡೆದ ಪಕ್ಷಗಳವರು, ಆಮೇಲೆ ನೋಂದಾಯಿತ ಪಕ್ಷಗಳವರು, ಕೊನೆಗೆ ಪಕ್ಷೇತರರು. ಒಂದೊಂದು ಗುಂಪಿನೊಳಗೆ ಅಕ್ಷರಮಾಲೆಯ ಕ್ರಮ. ಅಂದರೆ ಪಕ್ಷೇತರರಾದ ಎಲ್ಲ ಸುಮಲತಾಗಳೂ ಒಂದೇ ಗುಂಪಿಗೆ, ಒಬ್ಬರ ಹಿಂದೆ ಒಬ್ಬರಂತೆ ಬಂದು ನಿಲ್ಲುತ್ತಾರೆ. ದೊಡ್ಡ ಪಕ್ಷದಿಂದ ನಿಂತವರಿಗೆ ಈ ಕಾಟ ಸ್ವಲ್ಪ ಕಡಿಮೆ, ಅವರ ಗುಂಪೇ ಬೇರೆ.

ಕಾನೂನು ಇದನ್ನು ಮೊದಲೇ ಯೋಚಿಸಿದೆ. 1961ರ ಚುನಾವಣಾ ನಿಯಮಗಳಲ್ಲಿ, ಇಬ್ಬರು ಅಭ್ಯರ್ಥಿಗಳ ಹೆಸರು ಒಂದೇ ಆದರೆ ಅವರ ಕಸುಬನ್ನೋ ವಾಸದ ಊರನ್ನೋ ಸೇರಿಸಿ ಅಥವಾ ಇನ್ನಾವುದಾದರೂ ರೀತಿಯಲ್ಲಿ ಗುರುತು ತಿಳಿಯುವಂತೆ ಮಾಡಬೇಕು ಅಂತಿದೆ. ಕಸುಬು ಅಥವಾ ಊರು! ಅಂಬಿಗರ ಚೌಡಯ್ಯ, ಕೆ.ಆರ್. ಪೇಟೆ ಕೃಷ್ಣ. ದೆಹಲಿಯಲ್ಲಿ ಕೂತು ನಿಯಮ ಬರೆದವರಿಗೂ ನಮ್ಮ ಹಳ್ಳಿಕಟ್ಟೆಗಿಂತ ಬೇರೆ ಉಪಾಯ ಹೊಳೆಯಲಿಲ್ಲ. ಅದೂ ಸಾಲದೆ 2015ರಿಂದ ಮತಯಂತ್ರದ ಮೇಲೆ ಅಭ್ಯರ್ಥಿಯ ಫೋಟೊ ಬಂತು. 2024ರಲ್ಲಿ ಇಂಥ ಹೆಸರಿನವರನ್ನು ತಡೆಯಬೇಕು ಅಂತ ಸುಪ್ರೀಂ ಕೋರ್ಟಿಗೆ ಅರ್ಜಿ ಹೋದಾಗ, ತಂದೆತಾಯಿ ಇಟ್ಟ ಹೆಸರಿನ ಕಾರಣಕ್ಕೆ ಒಬ್ಬರ ಸ್ಪರ್ಧಿಸುವ ಹಕ್ಕನ್ನು ಕಿತ್ತುಕೊಳ್ಳಲಾಗದು ಅನ್ನುವ ಧಾಟಿಯಲ್ಲಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ನನಗೂ ಅದೇ ಸರಿ ಅನ್ನಿಸುತ್ತದೆ. ಹುಡುಕಿ ತಂದು ನಿಲ್ಲಿಸುವವರ ಮೇಲೆ ಸಿಟ್ಟು ಬರಬೇಕೇ ಹೊರತು ಹೆಸರಿನ ಮೇಲಲ್ಲ.

ಮಂಡ್ಯದಲ್ಲಿ ಏನಾಯಿತು ಅಂತ ನಿಮಗೆ ಗೊತ್ತು. ಸುಮಲತಾ ಅಂಬರೀಷ್ ಅವರಿಗೆ ಸಿಕ್ಕ ಗುರುತು ಕಹಳೆ ಊದುವ ರೈತ. ಊರೂರಿನಲ್ಲೂ ಅದನ್ನೇ ಹೇಳಿಕೊಟ್ಟರು. 1,25,876 ಮತಗಳ ಅಂತರದಿಂದ ಗೆದ್ದರು. ನಾಲ್ವರು ಮಾದೇಗೌಡರ ನಡುವೆ ತಮ್ಮ ಮಾದೇಗೌಡನನ್ನು ಹುಟ್ಟಿದಾಗಿನಿಂದ ಹುಡುಕಿ ಅಭ್ಯಾಸವಿದ್ದ ಮತದಾರರು ಅವರು. ತಂತ್ರ ಹೂಡಿದವರು ಇದನ್ನು ಮರೆತಿದ್ದರು.

ನನ್ನ ಮಾತು ಇಷ್ಟು. ಆಮೇಲೆ ಕೇಳಿದ ಪ್ರಶ್ನೆಗಳಲ್ಲಿ ಎರಡು.

ಹಿರಿಯರೊಬ್ಬರು ಕೇಳಿದರು: "ಈಗಿನವರು ತಾತನ ಹೆಸರು ಇಡೋದೇ ಇಲ್ಲವಲ್ಲ ಸಾರ್, ಯಾರೂ ಇಡದ ಹೆಸರು ಹುಡುಕ್ತಾರೆ. ಇನ್ನು ಈ ಸಮಸ್ಯೆ ಎಲ್ಲಿ?" ಸಮಸ್ಯೆ ಹೋಗಿಲ್ಲ ಸ್ವಾಮಿ. ಯಾರೂ ಇಡದ ಹೆಸರನ್ನು ಎಲ್ಲರೂ ಒಂದೇ ಕಡೆ ಹುಡುಕುತ್ತಾರೆ. ಯಾವುದಾದರೂ ಶಿಶುವಿಹಾರಕ್ಕೆ ಹೋಗಿ ಅದ್ವಿಕ್ ಅಂತ ಕೂಗಿ ನೋಡಿ. ಟೀಚರಮ್ಮ ಅದ್ವಿಕ್ ಎಂ., ಅದ್ವಿಕ್ ಎಸ್. ಅಂತ ಕರೆಯುತ್ತಿರುತ್ತಾರೆ. ಮಕ್ಕಳೇ ಕರೆದುಕೊಳ್ಳುವಾಗ ಕನ್ನಡಕದ ಅದ್ವಿಕ್, ವ್ಯಾನಿನಲ್ಲಿ ಬರುವ ಅದ್ವಿಕ್.

ಇನ್ನೊಂದು ಪ್ರಶ್ನೆ ಕೇಳಿದವರು ಕಾಲೇಜಿನಲ್ಲಿ ಓದುವ ಹುಡುಗಿ. "ನೀವು ಹೇಳಿದವರೆಲ್ಲ ಗಂಡಸರೇ. ಹೆಂಗಸರಿಗೆ ಒಂದೇ ಹೆಸರು ಇರಲಿಲ್ವಾ?" ಇತ್ತು, ಇನ್ನೂ ಹೆಚ್ಚಾಗಿಯೇ ಇತ್ತು. ಮುಮ್ಮಡಿಯವರನ್ನು ಹೆತ್ತ ತಾಯಿ ಕೆಂಪನಂಜಮ್ಮಣ್ಣಿ. ಅವರ ಮೊಮ್ಮಗ ಚಾಮರಾಜೇಂದ್ರರ ರಾಣಿ, 1895ರಿಂದ 1902ರವರೆಗೆ ರಾಜ್ಯಭಾರ ನಡೆಸಿದವರು, ಅವರೂ ಕೆಂಪನಂಜಮ್ಮಣ್ಣಿ. ದೇವಾಜಮ್ಮಣ್ಣಿ ಅನ್ನುವ ಹೆಸರಂತೂ ಅರಮನೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಚಿಕ್ಕದೇವರಾಜರ ರಾಣಿ ದೇವಾಜಮ್ಮಣ್ಣಿಯ ಊಳಿಗದಲ್ಲಿದ್ದ ಹೊನ್ನಮ್ಮನನ್ನು ನಾವು ಇವತ್ತಿಗೂ ಅವಳು ಹಿಡಿಯುತ್ತಿದ್ದ ಎಲೆಅಡಿಕೆಯ ಸಂಚಿಯಿಂದಲೇ ಗುರುತಿಸುತ್ತೇವೆ. ರಾಣಿಯರನ್ನು ಬೇರೆ ಬೇರೆ ಮಾಡಲು ಅರಮನೆಯವರು ಬಳಸಿದ್ದು ಸನ್ನಿಧಾನಗಳ, ಅಂದರೆ ಅರಮನೆಯಲ್ಲಿ ಅವರವರ ವಾಸದ ಭಾಗಗಳ ಹೆಸರನ್ನು: ರಮಾವಿಲಾಸ, ಲಕ್ಷ್ಮೀವಿಲಾಸ, ಕೃಷ್ಣವಿಲಾಸ, ಸೀತಾವಿಲಾಸ, ವಾಣಿವಿಲಾಸ. ಚಾಮುಂಡಿ ಬೆಟ್ಟದ ದೇವಸ್ಥಾನದಲ್ಲಿ ಮುಮ್ಮಡಿಯವರ ಜೊತೆ ಕೈಮುಗಿದು ನಿಂತಿರುವ ಮೂವರು ರಾಣಿಯರನ್ನು ಈಗಲೂ ರಮಾವಿಲಾಸ, ಲಕ್ಷ್ಮೀವಿಲಾಸ, ಕೃಷ್ಣವಿಲಾಸ ಅಂತಲೇ ಹೇಳುತ್ತಾರೆ. ಇದೇ ಹೆಸರುಗಳ ರಸ್ತೆಗಳಲ್ಲಿ ನಾವು ದಿನಾ ಸ್ಕೂಟರ್ ಓಡಿಸುತ್ತೇವೆ. ಗಂಡಸರಿಗೆ ಗುರುತಿನ ಮಾತು ಕಳಚಿ ಹೆಸರು ಉಳಿಯಿತು. ಇವರಿಗೆ ಹೆಸರು ಕಳಚಿ ಗುರುತಿನ ಮಾತು ಮಾತ್ರ ಉಳಿಯಿತು. ಆ ರಸ್ತೆಗಳಿಗೆ ಮುಂದಿನ ಸಲ ಹೊಸ ಫಲಕ ಹಾಕುವಾಗ ಕೆಳಗೆ ಇನ್ನೊಂದು ಸಾಲು ಬರೆಸಿ, ಯಾವ ರಾಣಿ ಅಂತ ಹೇಳಿದರೆ ಸಾಕು. ಖರ್ಚು ಹೆಚ್ಚೇನೂ ಆಗುವುದಿಲ್ಲ.